ಐದನೇ ನಂಬರ್ ಖೋಲಿಯ ದೆವ್ವ

ಬೆಟಗೇರಿಯ ಈ ಹಳೆಯ ಲಾಡ್ಜಿಗೆ ನಾನು ಬಂದದ್ದೇ ಐದನೇ ನಂಬರ್ ಖೋಲಿಯ ದೆವ್ವದ ವಿಡಿಯೋ ಮಾಡಲು. ಹಿಂದೆ ಅಲ್ಲಿ ಕೊಲೆಯಾದ ಹತ್ತಿ ವ್ಯಾಪಾರಿ ಇನ್ನೂ ಓಡಾಡುತ್ತಾನಂತೆ. ಕೊಂದವನು ಲಾಡ್ಜಿನ ಅಡುಗೆಯವನು, ಅದೇ ದಿನ ಓಡಿಹೋದ ಎಂದು ಮ್ಯಾನೇಜರ್ ಹೇಳುತ್ತಿದ್ದಾಗ, ಕಸ ಗುಡಿಸುತ್ತಿದ್ದ ಶಾಂತವ್ವ ಪೊರಕೆ ನಿಲ್ಲಿಸಿದರು.

"ಆ ಅಡಗಿಯಾಂವ ನಮ್ಮಪ್ಪರಿ. ಹೋದ ಬ್ಯಾಸಗ್ಯಾಗ ಇದ ಲಾಡ್ಜಿನ ಹಿತ್ತಲ ಬಾವಿ ಹೂಳು ತಗಿಯೋವಾಗ ಎಲುಬು ಸಿಕ್ಕುವು. ಅದರ ಜೋಡಿ ಅವನ ಬೆಳ್ಳಿ ಉಡದಾರನೂ ಇತ್ತು. ಎರಡೂ ಕೈ ತಂತೀಲೆ ಬಿಗದಿದ್ರು. ಓಡಿಹೋದಾಂವ ಹಂಗ ಇರ್ತಾನೇನ್ರಿ?"

ಹಾಗಾದರೆ ಇಬ್ಬರನ್ನೂ ಕೊಂದವರು ಯಾರು? ಅದು ಪೊಲೀಸರಿಗೂ ಇನ್ನೂ ಗೊತ್ತಾಗಿಲ್ಲ. ನಾನು ದೆವ್ವವನ್ನು ಮರೆತು ಶಾಂತವ್ವನ ಮುಂದೆಯೇ ಕುಳಿತೆ.

"ಎಲ್ಲೋ ಬದುಕ್ಯಾನಂತ ಇಷ್ಟು ವರ್ಷ ಹಿರಿಯರ ಹಬ್ಬಕ್ಕ ಅವಗ ಎಡಿ ಇಟ್ಟಿಲ್ಲ. ಈ ಅಮಾಸಿಗೆ ಹೋಳಿಗಿ ಮಾಡಿ, ಅವನ ಹೆಸರು ಕೆಟ್ಟ ಖೋಲಿ ಮುಂದನ ಇಡ್ತೀನಿ."

ಮ್ಯಾನೇಜರ್ ಗಾಬರಿಯಾದ. "ಬ್ಯಾಡಬೇ ಯವ್ವಾ, ಗಿರಾಕಿ ಅಂಜ್ತಾರ!"

"ದೆವ್ವ ನೋಡಾಕ ಬರೋ ಮಂದಿ ಹೋಳಿಗಿಗೆ ಅಂಜ್ತಾರೇನೋ ತಮ್ಮಾ?" ಎಂದು ಶಾಂತವ್ವ ಮತ್ತೆ ಗುಡಿಸತೊಡಗಿದರು.