ಕಲ್ಲಿನ ಮ್ಯಾಲೆ ಕುಂತ ಮೀನು

ಆ ಎರಡು ವರ್ಷ ನನಗೆ ನಿದ್ದೆ ಸಾಲುತ್ತಿರಲಿಲ್ಲ. ಅವ್ವನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ಬಮ್ಮಿಗಟ್ಟಿಯ ಮನೆಯಲ್ಲಿ ನಾವಿಬ್ಬರೇ. ಬೆಳಿಗ್ಗೆ ಅವಳ ಮೈ ಒರೆಸಿ, ಗಂಜಿ ಕುಡಿಸಿ, ಬಾಜು ಮನೆಯ ಕಾಕೂಗೆ ಒಪ್ಪಿಸಿ, ಬಸ್ಸು ಹಿಡಿದು ಹೈಸ್ಕೂಲಿಗೆ ಹೋಗುತ್ತಿದ್ದೆ. ಅಲ್ಲಿ ವಿಜ್ಞಾನ ಕಲಿಸುವ ಕೆಲಸ. ಎಷ್ಟೋ ದಿನ ಕರಿಹಲಗೆಗೆ ಬೆನ್ನು ಆನಿಸಿಯೇ ಪಾಠ ಮಾಡಿದ್ದೇನೆ. ಸಂಜೆ ಮನೆಗೆ ಬಂದರೆ ಸೀರೆಯ ಹಿಂದೆಲ್ಲ ಸೀಮೆಸುಣ್ಣದ ಬಿಳಿ.

ಎಂಬತ್ತರ ದಶಕದ ನಡುವಿನ ಮಾತಿದು. ನಮ್ಮ ಹೆಡ್‌ಮಾಸ್ತರರಿಗೆ ಆ ಸಲದ ವಿಜ್ಞಾನ ಪ್ರದರ್ಶನದಲ್ಲಿ ಸಮುದ್ರ ತೋರಿಸುವ ಹುಕಿ ಬಂತು.

"ನಮ್ಮ ಹುಡುಗ್ರು ಕೆರಿ ಬಿಟ್ರ ಬ್ಯಾರೆ ನೀರು ನೋಡಿಲ್ರಿ ಅಕ್ಕೋರ. ಗಾಜಿನ ಪೆಟ್ಟಿಗಿ ನಾ ಮಾಡಸ್ತೀನಿ. ನೀವು ಕಾರವಾರಕ್ಕ ಹೋಗಿ ನೀರು, ಕಲ್ಲು, ಒಂದು ಛಲೋ ಬಣ್ಣದ ಮೀನು ತರ್ರಿ."

ತತ್ತಿ ಕೂಡ ಹೊಸ್ತಿಲು ದಾಟದ ಮನೆತನ ನಮ್ಮದು. ಮೀನು ಆರಿಸುವುದು ನನಗೇನು ಗೊತ್ತು? ಆದರೆ ಒಲ್ಲೆ ಅಂದರೆ ಅದಕ್ಕೆ ಕಾರಣ ಹೇಳಬೇಕು, ವಾದ ಮಾಡಬೇಕು. ಅದಕ್ಕಿಂತ ಹೋಗಿಬರುವುದೇ ಹಗುರ ಅನ್ನಿಸಿತು.

ಸಾಲಿಯ ಸಿಪಾಯಿ ಜೊತೆಗೆ ಬಂದ. ನಿವೃತ್ತಿ ಹತ್ತಿರ ಬಂದಿದ್ದ, ಸಣಕಲು ಮೈಯ ಮನುಷ್ಯ. ಅವನೂ ಸಮುದ್ರ ನೋಡಿರಲಿಲ್ಲ. ನಾಲ್ಕು ಪ್ಲಾಸ್ಟಿಕ್ ಕ್ಯಾನು ಹೊತ್ತುಕೊಂಡು ಕಾರವಾರದ ದಂಡೆಗೆ ಹೋದಾಗ ನೀರು ಇಳಿದು ಕರಿಬಂಡೆಗಳು ಮೇಲೆದ್ದಿದ್ದವು. ಒಬ್ಬ ಹೆಂಗಸು ಬಂಡೆಯಿಂದ ಚಿಪ್ಪಿ ಕೆತ್ತುತ್ತಿದ್ದಳು. ಬಂದ ಕೆಲಸ ಹೇಳಿದೆ. ಅವಳು ಬಲೆ ಎಳೆಯುತ್ತಿದ್ದವರಿಂದ ಒಂದು ಹಳದಿ ಮೀನು ತಂದು ತನ್ನ ಬೋಗಾಣಿಯಲ್ಲಿ ಬಿಟ್ಟಳು. ಮೈಮೇಲೆ ಕಪ್ಪು ಪಟ್ಟಿ, ನಿಜಕ್ಕೂ ಚೆಂದಿತ್ತು. ಆದರೆ ಅದು ಒಂದೇ ಸಮ ಸುತ್ತು ಹೊಡೆಯುತ್ತಿತ್ತು. ನೋಡನೋಡುತ್ತ ನನಗೇ ತಲೆ ತಿರುಗಿತು.

ಅಷ್ಟರಲ್ಲಿ ಅವಳ ಕಾಲ ಬಳಿ, ಬಂಡೆಯ ಕುಳಿಯಲ್ಲಿ, ಏನೋ ಮಿಸುಕಾಡಿತು. ಬೆರಳುದ್ದದ ಮೀನು, ಬಂಡೆಯದೇ ಬಣ್ಣ. ನೆತ್ತಿಯ ಮೇಲೆ ಎರಡು ದಪ್ಪ ಕಣ್ಣು, ಕಣ್ಣಿನ ಮೇಲೆ ಕೂದಲಿನಂಥ ಎಳೆ. ಮುಂದಿನ ರೆಕ್ಕೆಗಳನ್ನು ಊರಿ, ಅರ್ಧ ಮೈ ನೀರಿನ ಹೊರಗಿಟ್ಟು ಸುಮ್ಮನೆ ಕುಂತಿತ್ತು. ನಾನು ಬಗ್ಗಿದಾಗ ಒಂದು ಕಣ್ಣು ಮಾತ್ರ ನನ್ನ ಕಡೆ ಹೊರಳಿಸಿತು.

"ಇದು ಬೇಕ್ರಿ" ಅಂದೆ.

"ಅದನ್ನ ಯಾರೂ ಒಯ್ಯೋದಿಲ್ಲ ಬಾಯೋರೆ. ತಿನ್ನೋಕೂ ಆಗೋದಿಲ್ಲ, ಮಾರೋಕೂ ಆಗೋದಿಲ್ಲ. ಅದು ಯಾಕೆ ಬೇಕು?"

"ಕುಂತೈತಲ್ರಿ, ಅದಕ್ಕ" ಅಂದೆ.

ಅದು ಅವಳ ಕೈಯಿಂದ ಮೂರು ಸಲ ಜಾರಿ ಪಕ್ಕದ ಕುಳಿಗೆ ಜಿಗಿಯಿತು. ಕೊನೆಗೆ ಸಿಪಾಯಿ ತನ್ನ ಗಾಂಧಿ ಟೊಪಿಗಿ ತೆಗೆದು ಅದರಲ್ಲಿ ಹಿಡಿದ. ಅರಬೈಲು ಘಾಟಿನ ತಿರುವುಗಳಲ್ಲಿ ಕ್ಯಾನಿನ ನೀರು ತುಳುಕಿ ನಮ್ಮ ಕಾಲು ತೊಯ್ದವು. ಬಸ್ಸಿನಲ್ಲಿ ಕೂತು ಹೆಡ್‌ಮಾಸ್ತರರಿಗೆ ಹೇಳಲು ಒಂದು ಕಾರಣ ಹೊಂದಿಸಿಕೊಂಡೆ: ಇದು ಬಿಸಿಲು, ಕಡಿಮೆ ನೀರು ತಡೆಯುವ ಮೀನು, ನಮ್ಮೂರಿನಲ್ಲಿ ಕರೆಂಟು ಹೋಗಿ ಗಾಳಿಯ ಪಂಪು ನಿಂತರೂ ಸಾಯುವುದಿಲ್ಲ.

ಹೆಡ್‌ಮಾಸ್ತರರು ಅದನ್ನು ಕೇಳಿ, ಪೆಟ್ಟಿಗೆಗೆ ಮುಖ ಹಚ್ಚಿ ನೋಡಿದರು. "ಬಣ್ಣ ಎಲ್ಲೈತ್ರಿ ಇದಕ್ಕ?"

ಪ್ರದರ್ಶನಕ್ಕೆ ಬಂದವರಿಗೂ ಕಲ್ಲೇ ಕಾಣಿಸಿತು, ಮೀನು ಕಾಣಿಸಲಿಲ್ಲ. ಆಮೇಲೆ ಪೆಟ್ಟಿಗೆ ಪ್ರಯೋಗಶಾಲೆಯ ಕಿಟಕಿಯ ಬಳಿ ಉಳಿಯಿತು. ಮೀನು ಕಲ್ಲಿನ ಪಾಚಿ ಕೆರೆದು ತಿನ್ನುತ್ತಿತ್ತು. "ಇದೂ ನಿಮ್ಮ ಮಂದೀನ ಐತ್ರಿ ಅಕ್ಕೋರ, ಸೊಪ್ಪು ತಿಂತೈತಿ" ಅಂದ ಸಿಪಾಯಿ.

ಮನೆಯಲ್ಲಿ ಅವ್ವ ದಿನಾ ಸಂಜೆ ತೊದಲುತ್ತ ಕೇಳುತ್ತಿದ್ದಳು. "ಇವತ್ತ ಏನು ಮಾಡ್ತು?"

"ಕುಂತಿತ್ತಬೇ."

"ನನ್ನಂಗ" ಅನ್ನುತ್ತಿದ್ದಳು. ಕೆಲವು ದಿನ ನಗುತ್ತಿದ್ದಳು, ಕೆಲವು ದಿನ ಇಲ್ಲ.

ದೀಪಾವಳಿ ಕಳೆದ ಮೇಲೆ ಅವ್ವ ತೀರಿಕೊಂಡಳು. ಹನ್ನೆರಡು ದಿನ ಬಿಟ್ಟು ಸಾಲಿಗೆ ಹೋದೆ. ಪೆಟ್ಟಿಗೆಯ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿತ್ತು. ಮೀನು ನೀರಿನಲ್ಲಿರಲಿಲ್ಲ. ನೀರಿನಿಂದ ಗೇಣು ಮೇಲೆ, ಗಾಜಿನ ಮೂಲೆಗೆ ಅಂಟಿಕೊಂಡು ಬಾಯಿ ತೆರೆದು ಮುಚ್ಚುತ್ತಿತ್ತು.

"ನೀರು ಆರಿ ಇಳಿದಿತ್ರಿ" ಅಂದ ಸಿಪಾಯಿ. "ಸಮುದ್ರದ ನೀರಲ್ರಿ? ದಿನಾ ಬಾವಿ ನೀರಿಗೆ ಒಂದು ಮುಷ್ಟಿ ಉಪ್ಪು ಕಲಸಿ ಹಾಕೇನಿ."

ಆರುವುದು ನೀರು, ಉಪ್ಪಲ್ಲ, ಬರೀ ಸಿಹಿನೀರು ಹಾಕಬೇಕು ಎಂದು ಅವನಿಗೆ ನಾನೇ ಹೇಳಿ ಹೋಗಬೇಕಿತ್ತು. ಅವನ ಮುಖ ಕಪ್ಪಿಟ್ಟಿತು. "ಬೈರಿ ಅಕ್ಕೋರ."

ಬೈಯಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಅರ್ಧ ನೀರು ತೆಗೆಸಿ, ಬಾವಿಯ ನೀರನ್ನು ಒಂದೊಂದೇ ಲೋಟ, ತಡೆತಡೆದು ಹಾಕು ಅಂದೆ. ಪಕ್ಕದ ಮೇಜಿಗೆ ತಲೆ ಇಟ್ಟೆ. ಎಚ್ಚರಾದಾಗ ಮಧ್ಯಾಹ್ನದ ಗಂಟೆ ಹೊಡೆದಿತ್ತು. ನನ್ನ ಮೂರೂ ತರಗತಿ ಹೆಡ್‌ಮಾಸ್ತರರು ತಾವೇ ತೆಗೆದುಕೊಂಡಿದ್ದರು. ಸಿಪಾಯಿ ಇನ್ನೂ ಲೋಟ ಹಿಡಿದು ನಿಂತಿದ್ದ. ಮೀನು ಗಾಜು ಬಿಟ್ಟು ಕಲ್ಲಿನ ಮೇಲೆ, ಹೊಟ್ಟೆಮಟ್ಟದ ನೀರಿಗೆ ಇಳಿದಿತ್ತು.

ಆಮೇಲೆ ಅದು ಮಾರ್ಚಿನ ಬಿಸಿಲಿನವರೆಗೆ ಬದುಕಿತು. ಸತ್ತದ್ದು ಒಂದು ಸೋಮವಾರ. ನನಗೆ ಗೊತ್ತಾದದ್ದು ಬುಧವಾರ. ಮೊದಮೊದಲು ಕಲ್ಲಿನ ಹಿಂದಿರಬೇಕು ಅಂದುಕೊಂಡಿದ್ದೆ.

"ಗ್ವಾಡಿ ಬಾಜು ಹುಗದೇನ್ರಿ" ಅಂದ ಸಿಪಾಯಿ. "ನಿಮಗ ಹೇಳಾಕ ಬಾಯಿ ಬರಲಿಲ್ರಿ."

ಇಬ್ಬರೂ ಸೇರಿ ಪೆಟ್ಟಿಗೆ ಎತ್ತಿದೆವು. ಉಪ್ಪುನೀರು ಗಿಡಕ್ಕೆ ಆಗದು, ಮೋರಿಗೆ ಸುರಿದೆವು. ಗಾಜು ತೊಳೆದು ಬಿಸಿಲಿಗಿಟ್ಟು ನಾನು ಎಂಟನೆಯ ತರಗತಿಗೆ ಹೋದೆ.