ಬೆನ್ನು ಒತ್ತಲು ಕಲಿತ ನೀಲಪ್ಪ

ದುರ್ಗವ್ವ ಬ್ರೂಕ್‌ಫೀಲ್ಡಿನ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಕೊಪ್ಪಳದ ಕಡೆಯವಳು. ಹನ್ನೊಂದು ವರ್ಷದಿಂದ ಹೆರಿಗೆ ಕೋಣೆಯಲ್ಲಿ ನೆಲ ಒರೆಸುತ್ತಾಳೆ, ಬಟ್ಟೆ ಬದಲಿಸುತ್ತಾಳೆ, ಕರೆದರೆ ಬೆನ್ನು ಒತ್ತುತ್ತಾಳೆ. ನೋವು ಏರುವಾಗ ಅಂಗೈಯ ಬುಡವನ್ನು ಸೊಂಟದ ಕೆಳಗಿನ ಚಪ್ಪಟೆ ಮೂಳೆಯ ಮೇಲಿಟ್ಟು ಅಲುಗಿಸದೆ ಒತ್ತಬೇಕು. ಇಳಿಯುವಾಗ ಎಣ್ಣೆಗೈಯಿಂದ ಮೆಲ್ಲಗೆ ನೀವಬೇಕು. ಇದರಿಂದ ನೋವು ಹೋಗುವುದಿಲ್ಲ. ಹಲವರಿಗೆ ತಡೆದುಕೊಳ್ಳುವಷ್ಟಾಗುತ್ತದೆ.

ಮಗಳು ಮಹಾನಂದಾ ಬಸುರಿಯಾದಾಗ ಹೆದರಿ ಕೇಳಿದ್ದು ಅದನ್ನೇ. "ಯವ್ವಾ, ನಿನ್ನ ಕೈ ಬೆನ್ನ ಮ್ಯಾಲ ಇದ್ರ ನಾ ತಡಕೊಂತೇನಿ."

ಮಗಳಿದ್ದದ್ದು ಲಗ್ಗೆರೆಯಲ್ಲಿ, ನಗರದ ಇನ್ನೊಂದು ತುದಿ. ಎರಡು ಬಸ್ಸು, ಎರಡೂವರೆ ಗಂಟೆ. ರಜೆ ಸಿಗುವ ಭರವಸೆಯಿಲ್ಲ. ಹಾಗಾಗಿ ದುರ್ಗವ್ವ ಆರು ಭಾನುವಾರ ಅಲ್ಲಿಗೆ ಹೋಗಿ ಅಳಿಯ ನೀಲಪ್ಪನಿಗೆ ಕೆಲಸ ಕಲಿಸಿದಳು. ಅವನು ಪೀಣ್ಯದ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮಷಿನ್ ನಡೆಸುತ್ತಾನೆ.

"ತಗಡ ಅಲ್ರೀ ಅದು, ನಿಮ್ಮ ಹೇಂತಿ ಬೆನ್ನು," ಎಂದಳು ಮೊದಲ ದಿನ.

"ತಗಡಾದ್ರ ಬೈತಿರಲಿಲ್ಲ ಬಿಡ್ರಿ ಅತ್ತಿ," ಎಂದ ನೀಲಪ್ಪ. ಮಹಾನಂದಾ ನಕ್ಕಳು.

ಆರನೆಯ ವಾರ ಅವನ ಕೈ ಪಳಗಿತ್ತು. ನೀಲಪ್ಪನ ತಾಯಿ ಬಸಮ್ಮ ಊರಿನಿಂದ ಬರುತ್ತೇನೆಂದು ಫೋನ್ ಮಾಡಿದಾಗ ದುರ್ಗವ್ವ ಹೆಮ್ಮೆಯಿಂದಲೇ ಹೇಳಿದಳು: "ಹೊಲ ಬಿಟ್ಟ ಬರೂದು ಬ್ಯಾಡ್ರಿ ಬೀಗತಿ. ನಿಮ್ಮ ಮಗಾನ ಒಳಗ ಇರ್ತಾನ."

ಅವಳು ಕೆಲಸ ಮಾಡುವಲ್ಲಿ ಗಂಡಂದಿರು ನೀಲಿ ಗೌನು ತೊಟ್ಟು ಹೆಂಡತಿಯ ಪಕ್ಕದಲ್ಲೇ ಇರುತ್ತಾರೆ. ಬೇರೆ ಆಸ್ಪತ್ರೆಯ ಹೆರಿಗೆ ಕೋಣೆಯನ್ನು ಅವಳು ಕಂಡಿರಲಿಲ್ಲ. ತಾನು ಹೆತ್ತದ್ದು ಊರಿನ ಮನೆಯಲ್ಲಿ. ಕೇಳಿ ತಿಳಿದುಕೊಳ್ಳಬೇಕೆಂದೇ ಹೊಳೆಯಲಿಲ್ಲ.

ಗುರುವಾರ ಬೆಳಿಗ್ಗೆ ಮಹಾನಂದಾಗೆ ನೋವು ಶುರುವಾಯಿತು. ಮನೆಯ ಹತ್ತಿರದ ಸರ್ಕಾರಿ ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ವೆಂಕಟಮ್ಮ ಅವಳನ್ನು ಒಳಗೆ ಕರೆದುಕೊಂಡು ನೀಲಪ್ಪನನ್ನು ತಡೆದರು.

"ಗಂಡಸ್ರು ಆಚೆ. ಜೊತೇಲಿ ಹೆಂಗಸ್ರು ಯಾರೂ ಇಲ್ವಾ?"

"ನಾ ಬೆನ್ನ ಒತ್ತೂದು ಕಲತೇನ್ರಿ ಅಕ್ಕಾ."

"ಒಳಗಡೆ ಒಂಬತ್ತು ಜನ ಹೆಂಗಸ್ರಿದಾರಪ್ಪ, ನಡುವೆ ಒಂದ್ ಪರದೆನೂ ಇಲ್ಲ. ನಿನ್ನ ಹೆಂಗೆ ಬಿಡ್ಲಿ?"

ನೀಲಪ್ಪ ಬಾಗಿಲಿನಿಂದ ಹಿಂದೆ ಸರಿದ. ಅತ್ತೆಗೆ ಫೋನ್ ಮಾಡಿದ. ತೆಗೆಯಲಿಲ್ಲ. ಮತ್ತೆ ಮತ್ತೆ ಮಾಡಿದ.

ಆ ಹೊತ್ತಿಗೆ ದುರ್ಗವ್ವ ಹೆರಿಗೆ ನೋವಿನಲ್ಲಿದ್ದ ಸಮನ್ವಿತಾ ಎಂಬ ಹುಡುಗಿಯ ಬೆನ್ನು ಒತ್ತುತ್ತಿದ್ದಳು. ಫೋನು ಹೊರಗಿನ ಲಾಕರಿನಲ್ಲಿತ್ತು. ಪಕ್ಕದಲ್ಲಿದ್ದ ಆ ಹುಡುಗಿಯ ಗಂಡ ವಿಶ್ರುತ್ ತಾನೂ ಕೈಯಿಟ್ಟು ಒತ್ತಿ ನೋಡಿದ.

"ಸರಿಯಾಗಿ ಮಾಡ್ತಿದೀನಾ ಅಕ್ಕ?"

"ಇನ್ನೂ ಸ್ವಲ್ಪ ಕೆಳಗ್ರಿ ಸಾರ್. ಹಾಂ, ಅಲ್ಲೇ."

ಹನ್ನೆರಡೂವರೆಗೆ ಹೊರಬಂದು ನೋಡಿದರೆ ಹದಿನಾಲ್ಕು ಕರೆ. ಸೂಪರ್‌ವೈಸರಿಗೆ ಹೇಳದೆಯೇ ಓಡಿ ಬಸ್ಸು ಹತ್ತಿದಳು. ಲಗ್ಗೆರೆ ತಲುಪಿದಾಗ ಮೂರೂಕಾಲು. ಮಗು ಹುಟ್ಟಿ ಒಂದು ಗಂಟೆಯಾಗಿತ್ತು. ಗಂಡು, ಎರಡು ಕಿಲೋ ಒಂಬೈನೂರು ಗ್ರಾಂ, ಆರೋಗ್ಯವಾಗಿತ್ತು.

ಮಹಾನಂದಾ ಗೋಡೆಯತ್ತ ಮುಖ ಮಾಡಿ ಮಲಗಿದ್ದಳು. ಕೂಗಿ ಕೂಗಿ ಗಂಟಲು ಒಡೆದಿತ್ತು. ದುರ್ಗವ್ವ ಮಂಚದ ಅಂಚಿನಲ್ಲಿ ಕುಳಿತು ಮಗಳ ಸೊಂಟದ ಮೇಲೆ ಅಂಗೈ ಇಟ್ಟಳು.

"ಈಗ್ಯಾಕ ಯವ್ವಾ," ಎಂದಳು ಮಹಾನಂದಾ, ತಿರುಗದೆ. "ತಗೀ ಕೈ."