ಪಿಸುಮಾತಿನ ಮಜೀದ ಚಾಚಾ

ಬೀದರ, ಭಾಲ್ಕಿ ಕಡೆ ಕುಸ್ತಿಯ ಆಟ ತೋರಿಸುವ ಕಂಪನಿಯ ರೆಫರಿ ಮಜೀದ ಚಾಚಾ ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಸೋಲುಗೆಲುವು ಮೊದಲೇ ಗೊತ್ತುಮಾಡಿದ ಆಟದಲ್ಲಿ ಪೈಲ್ವಾನರ ಕಿವಿಗೆ ಬಗ್ಗಿ, "ಈಗ ಬೀಳಪಾ, ಸಾವಕಾಶ" ಎನ್ನುವುದೇ ಅವನ ಕೆಲಸ; ಮನೆಯಲ್ಲಿ ಚಹಾ ಕೇಳುವುದೂ ಅದೇ ಪಿಸುದನಿಯಲ್ಲಿ. ಒಂದು ದಿನ ಔರಾದದಲ್ಲಿ ಕಂಪನಿಯ ಮಾಲೀಕ, "ಚಾಚಾ, ಇವತ್ತ ಖರೇ ಹೊಡದಾಟ. ನೀವು ಏನೂ ಹೇಳಬ್ಯಾಡ್ರಿ" ಎಂದ. ಮೂರನೇ ನಿಮಿಷಕ್ಕೆ ಪೈಲ್ವಾನ ಸುಶೀಲಕುಮಾರನ ತೋಳಿನಲ್ಲಿ ಎದುರಾಳಿ ಅಶ್ವಜಿತನ ಕುತ್ತಿಗೆ ಸಿಕ್ಕು ಕಣ್ಣು ಮೇಲಾದವು. ಜನ ಸಿಳ್ಳೆ ಹಾಕುತ್ತಿದ್ದರು. ಚಾಚಾ ಆ ತೋಳಿಗೆ ಜೋತುಬಿದ್ದು, "ಬಿಡೋ, ಸಾಯ್ತಾನ" ಎಂದು ಚೀರಿದ. ಸುಶೀಲಕುಮಾರ ಬೆಚ್ಚಿ ಬಿಟ್ಟುಬಿಟ್ಟ. ಖರೇ ಆಟ ಅಂದಿಗೇ ನಿಂತಿತು. ಬೀದರ ಬರುವವರೆಗೂ ಬಸ್ಸಿನಲ್ಲಿ ಅಶ್ವಜಿತ ಚಾಚಾನ ಕೈ ಹಿಡಿದೇ ಕೂತಿದ್ದ.